ಹತ್ತಿ ಜಬ್ಲಾ ಹಾಕಿದರೂ ಮಗುವಿನ ಬೆನ್ನು ಒದ್ದೆ, ಯಾಕೆ?

ಪ್ರಶ್ನೆ: ಬಾಣಂತನಕ್ಕೆ ಮಂಡ್ಯದ ತವರಿಗೆ ಬಂದಿದ್ದೇನೆ. ಮಗುವಿಗೆ ನಾಲ್ಕು ತಿಂಗಳು. ಶುದ್ಧ ಹತ್ತಿ ಅಂತ ಬನಿಯನ್ ಬಟ್ಟೆಯ ಹೊಸ ಜಬ್ಲಾಗಳನ್ನು ತಂದೆವು. ಆದರೂ ನಿದ್ದೆಯಿಂದ ಎದ್ದಾಗ ಬೆನ್ನು ಒದ್ದೆ, ಕತ್ತಿನ ಮಡಿಕೆಯಲ್ಲಿ ಬೆವರುಸಾಲೆ. ಅಜ್ಜಿ, 'ತಾತನ ಹಳೇ ಪಂಚೇಲಿ ಹೊಲಿಸು' ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಹೊಸ ಜಬ್ಲಾ ಹರಡಿ, ಬೆರಳ ತುದಿಯಿಂದ ಒಂದು ಹನಿ ನೀರು ಬಿಡಿ. ಕೂಡಲೇ ಒಳಗಿಳಿದರೆ ಸರಿ. ಕೆಸುವಿನ ಎಲೆ ಮೇಲಿನ ಹನಿ ಹಾಗೆ ಗುಂಡಗೆ ನಿಂತರೆ, ಆ ಬಟ್ಟೆ ಬೆವರನ್ನೂ ಕುಡಿಯುವುದಿಲ್ಲ. ಹತ್ತಿ ಎಳೆಗೆ ಹುಟ್ಟಿನಿಂದಲೇ ತೆಳುವಾದ ಮೇಣವಿರುತ್ತದೆ. ಮಿಲ್ಲಿನಲ್ಲಿ ಅದನ್ನು ತೆಗೆದರೂ, ಮುಟ್ಟಿದರೆ ನಯ ಅನ್ನಿಸಲಿ ಅಂತ ಕೊನೆಯಲ್ಲಿ ಸಾಫ್ಟ್‌ನರ್ ಹಾಕುವುದುಂಟು. ಬಿಸಿನೀರಲ್ಲಿ ಎರಡು ಮೂರು ಸಲ ಒಗೆದು ಮತ್ತೆ ಹನಿ ಬಿಟ್ಟು ನೋಡಿ. ಘಮ ಘಮ ಅನ್ನುವ ಕಂಡೀಷನರ್ ಮಾತ್ರ ಬೇಡ, ಅದೂ ಎಳೆಗೆ ಪದರ ಕಟ್ಟುತ್ತದೆ.

ಇನ್ನು ಒದ್ದೆಯ ವಿಷಯ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಗಾಳಿಯಿಂದಲೇ ಸುಮಾರು 8 ಗ್ರಾಂ ನೀರು ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಎಳೆಯದು. ಬನಿಯನ್ ಬಟ್ಟೆ ಅಂದರೆ ನೂಲಿನ ಸಣ್ಣ ಸಣ್ಣ ಕುಣಿಕೆಗಳ ಸಾಲು. ಮಗು ಹೊರಳಿದ ಹಾಗೆ ಹಿಗ್ಗುತ್ತದೆ, ಮೈಗೆ ತಾಗಿಕೊಂಡೇ ಇರುತ್ತದೆ, ಅದಕ್ಕೇ ಬೆವರನ್ನು ಬೇಗ ಹೀರುತ್ತದೆ. ಆದರೆ ಕುಡಿದಷ್ಟು ಬೇಗ ಬಿಡುವುದಿಲ್ಲ. ಎಳೆ ಉಬ್ಬಿ, ಕುಣಿಕೆಗಳ ನಡುವಿನ ಗಾಳಿಯ ಜಾಗದಲ್ಲಿ ನೀರು ತುಂಬುತ್ತದೆ. ಆಗ ಬಟ್ಟೆ ಮೈಗೆ ಅಂಟಿ, ಫ್ಯಾನ್ ಗಾಳಿಗೆ ಮಗುವಿಗೆ ಚಳಿ ಹಿಡಿಸುತ್ತದೆ. ಹತ್ತಿ ಅಂತ ಸುಮ್ನೆ ಬಿಡಬೇಡಿ, ಒದ್ದೆಯಾದ ಜಬ್ಲಾ ಆಗಲೇ ಬದಲಿಸಿ.

ಅಜ್ಜಿ ಹೇಳಿದ್ದು ಸರಿಯೇ. ವರ್ಷಗಟ್ಟಲೆ ಒಗೆದ ಪಂಚೆಯಲ್ಲಿ ಮೇಣವೂ ಇಲ್ಲ, ಗಂಜಿಯೂ ಇಲ್ಲ. ತೆಳು ಬಟ್ಟೆ, ಬೇಗ ಒಣಗುತ್ತದೆ. ಹಿಗ್ಗುವುದಿಲ್ಲ, ಅಷ್ಟೇ. ಕಂಕುಳು ಸಡಿಲ ಬಿಟ್ಟು, ಮುಂದೆ ದಾರ ಕಟ್ಟುವ ಹಾಗೆ ಹೊಲಿಸಿ. ಮಂಡ್ಯದ ಏಪ್ರಿಲ್ ಸೆಕೆಗೆ ನಾನಾದರೆ ಅದನ್ನೇ ಹಾಕುತ್ತೇನೆ.

ಬನಿಯನ್ ಬಟ್ಟೆಯೇ ಬೇಕಾದರೆ ಒಂಟಿ ಹೆಣಿಗೆಯದು ಕೊಳ್ಳಿ. ಅಂಗಡಿಯಲ್ಲಿ ಕತ್ತರಿಸಿದ ತುಂಡಿನ ಅಂಚು ಎಳೆದು ನೋಡಿ: ಸುರುಳಿ ಸುತ್ತಿಕೊಂಡರೆ ಅದೇ. ಸುತ್ತಿಕೊಳ್ಳದೆ ಎರಡೂ ಮುಖ ಒಂದೇ ಥರ ಕಂಡರೆ ಇಂಟರ್‌ಲಾಕ್. ಅದು ದಪ್ಪ, ಡಿಸೆಂಬರಿಗೆ ಇರಲಿ.

ಬೆವರುಸಾಲೆಗೆ ಪೌಡರ್ ಮೆತ್ತಬೇಡಿ, ಪುಡಿ ಮಗುವಿನ ಉಸಿರಿಗೆ ಹೋಗುತ್ತದೆ. ಮಡಿಕೆ ತೊಳೆದು, ಒತ್ತಿ ಒರೆಸಿ, ಗಾಳಿಯಾಡಲು ಬಿಡಿ. ಕೀವು ಕಂಡರೆ, ಇಲ್ಲವೇ ಜ್ವರ ಬಂದರೆ ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.