ಕಾಲೇಜು ವಾಲಿಬಾಲ್ ಕೋಚ್ ಆಗಿಯೇ ಜೀವನ ಸಾಗಿಸಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್.ನ ಕೊನೆಯ ವರ್ಷದಲ್ಲಿದ್ದೀರಿ, ವಾಲಿಬಾಲ್ ಆಡುತ್ತೀರಿ, ಅಮೆರಿಕದ ಕಾಲೇಜು ತಂಡಗಳ ಹೆಡ್ ಕೋಚ್‌ಗಳ ವಿಡಿಯೊ ನೋಡಿದ್ದೀರಿ, ನಮ್ಮಲ್ಲೂ ಅದನ್ನೇ ವೃತ್ತಿ ಮಾಡಿಕೊಳ್ಳಲು ಆಗುತ್ತದೆಯೇ ಎಂದು ಕೇಳಿದ್ದೀರಿ. ಮಲೆನಾಡಿನ ಒಂದು ತಾಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ 26 ವರ್ಷ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಆಗಿದ್ದು ಈಚೆಗೆ ನಿವೃತ್ತನಾದವನು ನಾನು. ನನ್ನ ಪಾಲಿಗೆ ಬಂದದ್ದನ್ನು ಹೇಳುತ್ತೇನೆ.

ನಮ್ಮ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ‘ವಾಲಿಬಾಲ್ ಕೋಚ್’ ಅನ್ನುವ ಹುದ್ದೆಯೇ ಇಲ್ಲ. ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಹಾಜರಾತಿ ಪುಸ್ತಕದಲ್ಲಿ ಹಾಗೆ ಬರೆದಿರುತ್ತದೆ. ಹುಡುಗರಿಗೆ ನೀವು ಪಿ.ಡಿ. ಸರ್, ಊರಿನ ಹಿರಿಯರಿಗೆ ಇವತ್ತಿಗೂ ಡ್ರಿಲ್ ಮೇಷ್ಟ್ರು. ಕಬಡ್ಡಿ, ಖೊಖೊ, ಕ್ರಾಸ್ ಕಂಟ್ರಿ, ಚೆಸ್ ಎಲ್ಲವೂ ನಿಮ್ಮ ತಲೆಗೇ. ಆಗಸ್ಟ್ 15ರ ಪೆರೇಡು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನಕ್ಕೆ ಐದು ವರ್ಷದ ಫೈಲು, ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆ, ಚುನಾವಣೆ ಡ್ಯೂಟಿ, ಗೇಟಿನಲ್ಲಿ ನಿಂತು ಐಡಿ ಕಾರ್ಡ್ ನೋಡುವುದು. ಇಷ್ಟರ ನಡುವೆ ಬೆಳಿಗ್ಗೆ ಆರರಿಂದ ಎಂಟು, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ನೀವು ವಾಲಿಬಾಲ್ ಕೋಚ್. ಕೆಲವು ದೊಡ್ಡ ಖಾಸಗಿ ಸಂಸ್ಥೆಗಳು ಆಟಕ್ಕೊಬ್ಬ ಕೋಚ್ ಇಟ್ಟುಕೊಂಡು, ಆಟಗಾರರ ಊಟ, ಹಾಸ್ಟೆಲು, ಫೀಸು ಎಲ್ಲ ನೋಡಿಕೊಳ್ಳುತ್ತವೆ. ಅಲ್ಲಿನ ಕೆಲಸ ನೀವು ಅಂದುಕೊಂಡದ್ದಕ್ಕೆ ಹತ್ತಿರ. ಆದರೆ ಅದು ಬಹುತೇಕ ಗುತ್ತಿಗೆಯದು. ಎರಡು ವರ್ಷ ಕಪ್ ಬರದಿದ್ದರೆ ಮೂರನೇ ವರ್ಷ ನಿಮ್ಮ ಫೋನ್ ಎತ್ತುವುದಿಲ್ಲ.

ನೀವು ನೋಡಿದ ವಿಡಿಯೊ ನೆಬ್ರಾಸ್ಕದ್ದೇ ಇರಬೇಕು. 2023ರ ಆಗಸ್ಟ್ 30ರಂದು ಅಲ್ಲಿನ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ವಾಲಿಬಾಲ್ ನೋಡಲು ಫುಟ್‌ಬಾಲ್ ಮೈದಾನದಲ್ಲಿ 92,003 ಜನ ಸೇರಿದ್ದರು. ನಾನೂ ಅದನ್ನು ಮೂರು ಸಲ ನೋಡಿದ್ದೇನೆ. ಆ ತಂಡದ ಕೋಚ್ ಜಾನ್ ಕುಕ್ 2000ದಿಂದ 25 ಋತು ಅದೇ ತಂಡದ ಜೊತೆಗಿದ್ದು, ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆದ್ದು, 2025ರ ಜನವರಿಯಲ್ಲಿ ಬಿಟ್ಟರು. ಅವರ ಜಾಗಕ್ಕೆ ಬಂದ ಡಾನಿ ಬಸ್‌ಬೂಮ್ ಕೆಲ್ಲಿ 2006ರಲ್ಲಿ ಅವರ ಕೈಕೆಳಗೇ ಲಿಬೆರೊ (ಹಿಂದಿನ ಸಾಲಿನ ರಕ್ಷಣೆಗೆಂದೇ ಇರುವ ಆಟಗಾರ್ತಿ) ಆಗಿ ಆಡಿ ಗೆದ್ದವರು. ಪೆನ್ ಸ್ಟೇಟ್‌ನ ರಸ್ ರೋಸ್ ಇನ್ನೂ ಹಳಬರು: 1979ರಿಂದ 2021ರವರೆಗೆ ಒಂದೇ ಕಾಲೇಜು, 1,330 ಗೆಲುವು, ಏಳು ಪ್ರಶಸ್ತಿ. ಅಲ್ಲಿ ಕೋಚ್‌ನ ಅರ್ಧ ಕೆಲಸ ಹೈಸ್ಕೂಲುಗಳನ್ನು ಸುತ್ತಿ ಆಟಗಾರ್ತಿಯರನ್ನು ಆರಿಸಿ ತರುವುದು. 1972ರ ಟೈಟಲ್ ನೈನ್ ಕಾನೂನಿನಿಂದಾಗಿ ಹೆಣ್ಣುಮಕ್ಕಳ ಕ್ರೀಡೆಗೂ ಸ್ಕಾಲರ್‌ಶಿಪ್ ಕೊಡಲೇಬೇಕಾಯಿತು, ಅದರ ಮೇಲೆ ಇಡೀ ವ್ಯವಸ್ಥೆ ನಿಂತಿದೆ.

ನಮ್ಮಲ್ಲಿ ಆರಿಸಿ ತರುವ ಮಾತೇ ಇಲ್ಲ. ಜೂನ್‌ನಲ್ಲಿ ಅಡ್ಮಿಷನ್ ಕೌಂಟರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಎತ್ತರದ ಹುಡುಗ ಕಂಡರೆ “ಏನಪ್ಪಾ, ಯಾವೂರು? ವಾಲಿಬಾಲ್ ಆಡ್ತೀಯಾ?” ಅಂತ ಕೇಳುವುದೇ ನನ್ನ ಆಯ್ಕೆ ಪ್ರಕ್ರಿಯೆ. ಹತ್ತರಲ್ಲಿ ಎಂಟು ಜನ ಕ್ರಿಕೆಟ್ ಅನ್ನುತ್ತಾರೆ. ಸಿಕ್ಕವರನ್ನು ಕಟ್ಟಿಕೊಳ್ಳುವ ಹೊತ್ತಿಗೆ ಮಳೆ ಹಿಡಿಯುತ್ತದೆ. ಮೈದಾನ ಕೆಸರುಗದ್ದೆ, ಅಂತರ ಕಾಲೇಜು ಪಂದ್ಯವೋ ಮಳೆ ಬಿಡುತ್ತಿದ್ದ ಹಾಗೇ. ನಾವು ಎಷ್ಟೋ ವರ್ಷ ಪರಿಚಯದವರ ಅಡಿಕೆ ಶೆಡ್ಡಿನ ಗೋಡೆಗೆ ಚೆಂಡು ಹೊಡೆದು ಪಾಸ್ ಕಲಿತದ್ದು. ಸೂರು ತಗ್ಗು, ಮೇಲೆ ಎತ್ತಿದರೆ ತಗಡಿಗೆ ತಾಗುತ್ತದೆ. ಹಾಗಾಗಿ ನನ್ನ ತಂಡಗಳ ಡಿಫೆನ್ಸ್ ಯಾವತ್ತೂ ಚೆನ್ನಾಗಿರುತ್ತಿತ್ತು, ಸ್ಮ್ಯಾಶ್ ಮಾಡುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟಿಂಗ್ ಮಾತ್ರ ಅಕ್ಟೋಬರ್‌ವರೆಗೆ ಕುಂಟುತ್ತಿತ್ತು!

ಆಮೇಲೆ ಹೊನಲು ಬೆಳಕಿನ ಪಂದ್ಯಾವಳಿಗಳು. ಇದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಊರೂರಿನಲ್ಲಿ ಯುವಕ ಸಂಘದವರು ಲೈಟು ಹಾಕಿ ಟೂರ್ನಮೆಂಟ್ ನಡೆಸುತ್ತಾರೆ. ನಗದು ಬಹುಮಾನ, ಶಾಶ್ವತ ಫಲಕ. ಒಳ್ಳೆಯ ಸ್ಮ್ಯಾಶರ್‌ಗೆ ರಾತ್ರಿಗೆ ಇಷ್ಟು ಅಂತ ಕೊಟ್ಟು ಬೇರೆ ಊರಿನವರು ಕರೆದೊಯ್ಯುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಫೈನಲ್ ಮುಗಿಸಿ, ಆರಕ್ಕೆ ಕೆಂಪು ಕಣ್ಣು, ಊದಿದ ಮಂಡಿ ಹೊತ್ತು ನನ್ನ ಮುಂದೆ ನಿಲ್ಲುತ್ತಿದ್ದರು. ಮೊದಲ ಕೆಲವು ವರ್ಷ ಬೈದೆ, ತಂಡದಿಂದ ತೆಗೆಯುತ್ತೇನೆ ಅಂದೆ. ಆಮೇಲೆ ಒಬ್ಬ ಹುಡುಗ ಹೇಳಿದ, “ಸರ್, ಈ ಸೆಮಿಸ್ಟರ್ ಫೀಸು ಆ ದುಡ್ಡಿನಲ್ಲೇ ಕಟ್ಟಿದ್ದು.” ಅಲ್ಲಿಗೆ ಬೈಯುವುದು ನಿಂತಿತು. ವಾರಕ್ಕೆ ಒಂದೇ ರಾತ್ರಿ, ಗಟ್ಟಿ ಕಾಂಕ್ರೀಟಿನ ಮೇಲೆ ಬೇಡ, ಮಾರನೇ ದಿನ ಜಂಪ್ ಇಲ್ಲ ಎಂದು ಒಪ್ಪಂದ ಮಾಡಿಕೊಂಡೆ. ಸರಿಯೋ ತಪ್ಪೋ, ಮಂಡಿಗಳು ಉಳಿದವು.

ಕೋಚ್ ಕೆಲಸ ಅಂದರೆ ಟೈಮ್ ಔಟ್‌ನಲ್ಲಿ ಭಾಷಣ ಮಾಡುವುದು ಎಂದು ವಿಡಿಯೊ ನೋಡಿದರೆ ಅನಿಸುತ್ತದೆ. ಟೈಮ್ ಔಟ್ 30 ಸೆಕೆಂಡು. ಹುಡುಗರು ನೀರು ಕುಡಿದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಹದಿನೈದು ಹೋಯಿತು. ಒಂದು ಮಾತು ಹೇಳಬಹುದು, ಎರಡು ಹೇಳಿದರೆ ಎರಡೂ ಮರೆಯುತ್ತಾರೆ. ನಿಜವಾದ ಕೆಲಸ ಕೂತು ಬರೆಯುವುದರಲ್ಲಿದೆ. ಅದನ್ನು ನಾನು ಕಲಿತದ್ದು ಮಾನ ಕಳೆದುಕೊಂಡು.

ಹೆಣ್ಣುಮಕ್ಕಳ ಅಂತರ ಕಾಲೇಜು ಸೆಮಿಫೈನಲ್. ತಲಾ ಒಂದೊಂದು ಸೆಟ್ ಆಗಿತ್ತು, ಮೂರನೆಯದರ ಮೊದಲು ಲೈನ್‌ಅಪ್ ಸ್ಲಿಪ್ ಕೊಡಬೇಕು: ಒಂದರಿಂದ ಆರರವರೆಗಿನ ಸ್ಥಾನಕ್ಕೆ ಯಾರ ಜೆರ್ಸಿ ನಂಬರು ಅಂತ. ಅವಸರದಲ್ಲಿ ಗೀಚಿದೆ. ನಮ್ಮ ಸೆಟ್ಟರ್ ನಂಬರ್ 7, ನೆಟ್ಟಿನ ನಡುವೆ ಹೊಡೆತ ತಡೆಯುವ ಸೆಂಟರ್ ಬ್ಲಾಕರ್‌ಗಳಲ್ಲಿ ಒಬ್ಬಳು ನಂಬರ್ 1. ಎರಡನ್ನೂ ಅದಲು ಬದಲು ಬರೆದಿದ್ದೆ. ಎರಡನೇ ಅಂಪೈರ್ ಸ್ಲಿಪ್ ಹಿಡಿದು ಬಂದು ಹುಡುಗಿಯರನ್ನು ಸ್ಥಾನ ಬದಲಿಸಿ ನಿಲ್ಲಿಸಿದಾಗ ಗೊತ್ತಾಯಿತು. ಕೊಟ್ಟ ಮೇಲೆ ಸ್ಲಿಪ್ ತಿದ್ದುವ ಹಾಗಿಲ್ಲ. ಸೆಟ್ಟರ್ ಮತ್ತು ಅಪೋಸಿಟ್ (ಸೆಟ್ಟರ್‌ನ ಎದುರು ಸ್ಥಾನದವಳು) ಎದುರುಬದುರು ಇರಬೇಕಾದವರು ಇಡೀ ಸೆಟ್ ಓರೆಯಾಗಿ ನಿಂತರು. ಎದುರಾಳಿಯಿಂದ ಸರ್ವಿಸ್ ಗೆದ್ದಾಗಲೆಲ್ಲ ಆರೂ ಜನ ಒಂದೊಂದು ಸ್ಥಾನ ತಿರುಗಬೇಕಲ್ಲ, ಎರಡು ಸಲ ತಿರುಗುವಷ್ಟರಲ್ಲಿ ಅವರಿಬ್ಬರೂ ನೆಟ್ಟಿನ ಮುಂದೆ, ಸೆಂಟರ್ ಬ್ಲಾಕರ್ ಒಬ್ಬಳೂ ಇಲ್ಲ. ಇನ್ನು ಮೂರು ತಿರುಗಿದರೆ ಸೆಂಟರ್‌ಗಳಿಬ್ಬರೂ ಮುಂದೆ, ಒಬ್ಬರ ಕಾಲಿಗೊಬ್ಬರು ತೊಡರಿಕೊಂಡು. ಯಾರು ಯಾರ ಪಕ್ಕ ನಿಲ್ಲಬೇಕೆಂದು ತಿಳಿಯದೆ ಮೂರು ಸಲ ಪೊಸಿಷನ್ ಫಾಲ್ಟ್. ನಾನು ಆಡುವ ಕಾಲದಲ್ಲಿ, 15 ಅಂಕದ ಹಳೇ ಪದ್ಧತಿಯಲ್ಲಿ, ಎದುರಾಳಿಯ ಸರ್ವಿಸ್ ನಾವು ಕೆಡಿಸಿದರೇ ಅವರಿಗೆ ಪಾಯಿಂಟು; ನಮ್ಮ ಸರ್ವಿಸ್‌ನಲ್ಲಿ ತಪ್ಪಿದರೆ ಸರ್ವಿಸ್ ಹೋಗುತ್ತಿತ್ತು ಅಷ್ಟೆ. ರ‍್ಯಾಲಿ ಪಾಯಿಂಟ್ ಬಂದ ಮೇಲೆ ಪ್ರತಿ ಸೀಟಿಗೂ ಒಂದಂಕ. 25-21ಕ್ಕೆ ಸೋತೆವು, ನಾಲ್ಕನೆಯದನ್ನೂ ಸೋತೆವು.

ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಸೆಟ್ಟರ್ ಹುಡುಗಿ ಎದ್ದು ಬಂದು ಪಕ್ಕದ ಸೀಟಿನಲ್ಲಿ ಕೂತು, “ಸರ್, ಮುಂದಿನ ಸಲ ನೀವು ಬರೀರಿ, ನಾನೊಂದ್ಸಲ ಓದ್ತೀನಿ” ಅಂದಳು. ಅಲ್ಲಿಂದ ನನ್ನ ನಿವೃತ್ತಿಯವರೆಗೂ ಸ್ಲಿಪ್ ಕೊಡುವ ಮೊದಲು ಕ್ಯಾಪ್ಟನ್ ಅದನ್ನು ಗಟ್ಟಿಯಾಗಿ ಓದುವುದು ನಮ್ಮ ತಂಡದ ಪದ್ಧತಿ. ಆ ಹುಡುಗಿ ಈಗ ಕ್ರೀಡಾ ಕೋಟಾದಲ್ಲಿ ಪೊಲೀಸ್ ಇಲಾಖೆಯಲ್ಲಿದ್ದಾಳೆ.

ಕೋಟಾ ಅಂದದ್ದಕ್ಕೆ ಹೇಳುತ್ತೇನೆ, ನಮ್ಮ ಹುಡುಗರು ಆಡುವುದೇ ಅದಕ್ಕಾಗಿ. ಕಾಲೇಜಿನಿಂದ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ದಕ್ಷಿಣ ವಲಯ, ಅಲ್ಲಿ ಗೆದ್ದು ಬಂದರೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ. ಆ ಸರ್ಟಿಫಿಕೇಟಿಗೆ ರೈಲ್ವೆ, ಪೊಲೀಸ್, ಸೇನೆ, ತೆರಿಗೆ ಇಲಾಖೆಗಳಲ್ಲಿ ಬೆಲೆ ಇದೆ. 2022ರಿಂದ ಪ್ರೈಮ್ ವಾಲಿಬಾಲ್ ಲೀಗ್ ಬಂದಿದೆ; ಮೊದಲ ಸಲ ಗೆದ್ದ ಕೋಲ್ಕತ್ತ ತಂಡಕ್ಕೆ ನಮ್ಮ ಕರ್ನಾಟಕದ ಅಶ್ವಲ್ ರೈ ಕ್ಯಾಪ್ಟನ್. ಅದಾದ ಮೇಲೆ ಅಡ್ಮಿಷನ್ ಕೌಂಟರಿನಲ್ಲಿ ವಾಲಿಬಾಲ್ ಅನ್ನುವವರು ಒಂದಿಬ್ಬರು ಹೆಚ್ಚಾದರು. ಆದರೆ ಕೋಚ್‌ಗೆ ಸಿಗುವುದು ಮೂರು ವರ್ಷ ಮಾತ್ರ. ಮೊದಲ ವರ್ಷ ಪಾಸ್ ಕಲಿಸುವುದರಲ್ಲಿ, ಎರಡನೆಯದು ಕೆಟ್ಟ ಅಭ್ಯಾಸ ಬಿಡಿಸುವುದರಲ್ಲಿ. ಮೂರನೇ ವರ್ಷ ಒಳ್ಳೆಯ ಆಟಗಾರ ತಯಾರಾದ ಅನ್ನುವಷ್ಟರಲ್ಲಿ ಟಿ.ಸಿ. ತೆಗೆದುಕೊಂಡು ಕಾಲಿಗೆ ಬೀಳುತ್ತಾನೆ. 26 ವರ್ಷದಲ್ಲಿ ನನಗೆ ಅಭ್ಯಾಸವಾಗದ ಸಂಗತಿ ಅದೊಂದೇ.

ದುಡ್ಡಿನ ವಿಷಯ. ಕಾಯಂ ಆದರೆ ಯುಜಿಸಿ ಶ್ರೇಣಿ, ಮೂಲ ವೇತನ 57,700ರಿಂದ ಶುರು; ಉಪನ್ಯಾಸಕರಿಗೆ ಇರುವುದೇ ನಿಮಗೂ. ಕಾಯಂ ಆಗುವುದೇ ಕಷ್ಟ. ನೇಮಕಾತಿ ವರ್ಷಗಟ್ಟಲೆ ಆಗುವುದಿಲ್ಲ, ಅಲ್ಲಿಯವರೆಗೆ ಅತಿಥಿಯಾಗಿ ದುಡಿಯಬೇಕು, ಆ ಗೌರವಧನವೂ ತಿಂಗಳು ತಿಂಗಳು ಬರುತ್ತದೆ ಅನ್ನುವ ಹಾಗಿಲ್ಲ. ತಂಡದ ಜೊತೆ ಹೋದಾಗ ಕೈಯಿಂದ ಹಾಕಿದ ಊಟದ ದುಡ್ಡಿಗೆ ಬಿಲ್ಲು ಜೋಡಿಸುವುದು ಬೇರೆ ಕಲೆ. ರಸ್ತೆ ಬದಿಯ ಇಡ್ಲಿ ಅಂಗಡಿಯವರು ಜಿ.ಎಸ್.ಟಿ. ರಸೀದಿ ಕೊಡುವುದಿಲ್ಲವಲ್ಲ.

ಇಷ್ಟು ಓದಿಯೂ ಆಸೆ ಉಳಿದಿದ್ದರೆ ಹೀಗೆ ಮಾಡಿ. ಬಿ.ಪಿ.ಎಡ್. ಸಾಲದು, ಎಂ.ಪಿ.ಎಡ್.ನಲ್ಲಿ 55 ಶೇಕಡಾ, ಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಅಥವಾ ಕೆ-ಸೆಟ್. ದೈಹಿಕ ಪರೀಕ್ಷೆಯೂ ಇದೆ: 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್ ಓಡಬೇಕು, ಅದು ನಿಮಗೆ ದೊಡ್ಡದೇನಲ್ಲ. ಕೋಚಿಂಗ್ ಕಲಿಯಬೇಕೆಂದಿದ್ದರೆ ಎನ್.ಐ.ಎಸ್. (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ ಮಾಡಿ. ಒಂದು ವರ್ಷ ಹೋಗುತ್ತದೆ, ಹೋಗಲಿ. ಆರು ವಾರದ ಸರ್ಟಿಫಿಕೇಟ್ ಕೋರ್ಸನ್ನು ನಾನೂ ಮಾಡಿದ್ದೇನೆ, ಅದು ಗೋಡೆಗೆ ಚೆನ್ನಾಗಿರುತ್ತದೆ, ಅಷ್ಟೆ. ಕ್ರೀಡಾ ಇಲಾಖೆಯ ಹಾಸ್ಟೆಲುಗಳಲ್ಲೂ ಕೋಚ್‌ಗಳು ಬೇಕಾಗುತ್ತಾರೆ. ಅಲ್ಲಿ ಮಕ್ಕಳು ಹೈಸ್ಕೂಲಿನಿಂದಲೇ ನಿಮ್ಮ ಕೈಗೆ ಸಿಗುತ್ತಾರೆ. ಬರೀ ವಾಲಿಬಾಲೇ ಬೇಕು, ನ್ಯಾಕ್ ಫೈಲು ಬೇಡ ಅನ್ನುವವರು ಆ ಕಡೆ ನೋಡುವುದು ಮೇಲು.

ಸದ್ಯಕ್ಕೆ, ಈ ವರ್ಷ ನಿಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳು ನಡೆಯುವಾಗ ಸಂಘಟಕರ ಬಳಿ ಹೋಗಿ ಸ್ಕೋರರ್ ಆಗಿ ಕೂರುತ್ತೇನೆ ಅಂತ ಕೇಳಿ. ಬೇಡ ಅನ್ನುವವರು ಯಾರೂ ಇಲ್ಲ, ಆ ಕೆಲಸಕ್ಕೆ ಯಾವಾಗಲೂ ಜನ ಸಿಗುವುದಿಲ್ಲ. ಹತ್ತು ಪಂದ್ಯದ ಸ್ಕೋರ್ ಶೀಟ್ ಬರೆದರೆ ಯಾರು ಯಾವ ಸ್ಥಾನಕ್ಕೆ ತಿರುಗುತ್ತಾರೆ ಎಂಬುದು ಕಣ್ಣು ಮುಚ್ಚಿದರೂ ಕಾಣುತ್ತದೆ. ಮಧ್ಯಾಹ್ನದ ಊಟ ಅವರದೇ. ಒಂದು ಮಾತ್ರ ನೆನಪಿಡಿ, 1 ಮತ್ತು 7 ಬಿಡಿಸಿ ಬರೆಯಿರಿ.