ಸೆರಗು ಮುಗಿಯುತ್ತಲೇ ಇಲ್ಲ, ಅಕ್ಕಾ

ಪ್ರಶ್ನೆ: ನನಗೆ 34 ವರ್ಷ. ಕಸೂತಿ ಅಜ್ಜಿಯಿಂದ ಕಲಿತದ್ದು. ಗಂಟು ಹಾಕಬಾರದು, ಹಿಂಬದಿಯೂ ಮುಂಬದಿಯಂತೆಯೇ ಕಾಣಬೇಕು ಅನ್ನುತ್ತಿದ್ದರು. ಇಳಕಲ್ ಸೀರೆಯ ಸೆರಗೊಂದನ್ನು ಹಿಡಿದು 11 ತಿಂಗಳಾಯಿತು. ಸಂಜೆ ಹಾಕಿದ್ದನ್ನು ಬೆಳಿಗ್ಗೆ ಬಿಚ್ಚುತ್ತೇನೆ. ಯಾರಾದರೂ ಹಾಕಿಕೊಡಿ ಅಂತ ಬಂದರೆ ‘ನನಗೆ ಅಷ್ಟು ಬರುವುದಿಲ್ಲ’ ಎಂದು ಕಳಿಸಿಬಿಡುತ್ತೇನೆ. ಈ ಕೈಯಿಂದ ಏನಾದರೂ ಆದೀತೇ?
– ಓದುಗಿ, ಧಾರವಾಡ

ಉತ್ತರ: ತಂಗಿ, ನೀನು ಬಿಚ್ಚುವುದು ಯಾವುದನ್ನು? ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತೇವೆ, ಬರುವಾಗ ಖಾಲಿ ಜಾಗ ತುಂಬುತ್ತೇವೆ. ಎಳೆಯ ಲೆಕ್ಕ ಒಂದು ತಪ್ಪಿದರೂ ಗೋಪುರದ ಚಿತ್ತಾರದ ಎರಡು ಬದಿ ಕೂಡುವುದಿಲ್ಲ. ಅದನ್ನು ಬಿಚ್ಚಲೇಬೇಕು. ಅಜ್ಜಿಯೂ ಬಿಚ್ಚಿರುತ್ತಾರೆ. ಲೆಕ್ಕ ಸರಿಯಿದ್ದೂ, ಒಂದು ಹೊಲಿಗೆ ಚೂರು ಸಡಿಲ ಕಂಡಿತು ಅಂತ ಬಿಚ್ಚುತ್ತಿದ್ದರೆ, ನೀನು ಹೆದರುತ್ತಿದ್ದೀಯ. ಮುಗಿದರೆ ನಾಲ್ಕು ಜನ ನೋಡುತ್ತಾರೆ, ಅಲ್ವಾ? ಮೇಲಾಗಿ ಬಿಚ್ಚಿ ಬಿಚ್ಚಿ ಬಟ್ಟೆಯ ಎಳೆ ಹಿಂಜಿಹೋಗುತ್ತದೆ. ಆಮೇಲೆ ಎಣಿಸಲಿಕ್ಕೂ ಆಗುವುದಿಲ್ಲ.

ನನ್ನ ಕಥೆ ಕೇಳು. ಅಕ್ಕನ ಮಗನನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆಂದು ಕುಂಚಿಗೆ, ಅಂದರೆ ಕೂಸಿನ ಟೊಪ್ಪಿಗೆ, ಹಿಡಿದೆ. ಹಿಂದೆ ಎರಡು ನವಿಲು, ಅಂಚಿಗೆ ಅಂಕುಡೊಂಕಾಗಿ ಸಾಗುವ ಮುರಗಿ ಹೊಲಿಗೆ. ನವಿಲಿನ ಕೊಕ್ಕು ಮನಸ್ಸಿಗೆ ಬರಲಿಲ್ಲ. ಏಳು ಸಲ ಬಿಚ್ಚಿದೆ. ನಡುವೆ ಮುನಿಸಿಕೊಂಡು ಎತ್ತಿಟ್ಟದ್ದೂ ಉಂಟು. ಎಂಟನೇ ಸಲ ಬಂತು, ಚೆಂದವೇ ಬಂತು. ತೊಡಿಸಲು ಹೋದರೆ ಹುಡುಗ ಒಂದನೇ ಇಯತ್ತೆಗೆ ಹೋಗುತ್ತಿದ್ದ! ತಲೆಗೆ ಹಿಡಿಸಲಿಲ್ಲ. ಅದು ಇನ್ನೂ ನನ್ನ ಟ್ರಂಕಿನಲ್ಲಿದೆ. ಆ ಕೊಕ್ಕನ್ನು ನೋಡಿದವರು ನಾನು ಮತ್ತು ನುಸಿಗುಳಿಗೆ.

ಹಾಗಾಗಿ ಸೀರೆಯನ್ನು ಸದ್ಯಕ್ಕೆ ಮಡಚಿಡು. ನಿನ್ನ ಓಣಿಯಲ್ಲಿ ಯಾರಾದರೂ ಬಸುರಿ ಇದ್ದೇ ಇರುತ್ತಾರೆ. ‘ಕೂಸಿಗೆ ಕುಂಚಿಗೆ ನಾನು ಮಾಡುತ್ತೇನೆ’ ಅಂತ ಈಗಲೇ ಬಾಯಿಬಿಟ್ಟು ಹೇಳು. ಸೀರೆ ಇನ್ನೊಂದು ವರ್ಷ ಕಾಯುತ್ತದೆ, ಕೂಸು ಕಾಯುವುದಿಲ್ಲ. ನವಿಲು ಗಿವಿಲು ಬೇಡ, ಸುಮ್ನೆ ಒಂದು ಸಾಲು ತುಳಸಿಕಟ್ಟೆ ಸಾಕು. ಎಣಿಕೆ ತಪ್ಪಿದರೆ ಅದೇ ಸಾಲಿನಲ್ಲಿ ಬಿಚ್ಚು. ಸೂಜಿ ಮುಂದಿನ ಸಾಲಿಗೆ ಹೋದ ಮೇಲೆ ಹಿಂದಿನದನ್ನು ಮುಟ್ಟಬೇಡ.

ಈ ಕೈಯಿಂದ ಏನಾದರೂ ಆದೀತೇ ಅಂತ ಕೇಳಿದೆಯಲ್ಲ, ಕೂತು ಯೋಚಿಸಿ ಅದಕ್ಕೆ ಉತ್ತರ ಹುಡುಕಲು ನನ್ನಿಂದಂತೂ ಆಗಲಿಲ್ಲ. ಕೂಸು ಅದನ್ನು ತೊಟ್ಟು ಒಂದೆರಡು ಸಲ ಕಕ್ಕಲಿ, ಆಮೇಲೆ ಮತ್ತೆ ಬರೆ. ಅಂದ ಹಾಗೆ, ಅಳತೆ ಒಂದು ಬೆರಳು ಜಾಸ್ತಿಯೇ ಇರಲಿ.