ಎಂಪಿ ಕೇಳಿದ ಪ್ರಶ್ನೆಗಳ ಲೆಕ್ಕ

ನಮ್ಮ ಎಂಪಿ ಲೋಕಸಭೆಯಲ್ಲಿ ನೂರಾರು ಪ್ರಶ್ನೆ ಕೇಳಿದ್ದಾರೆ, ಇದನ್ನು ಒಳ್ಳೆಯ ಕೆಲಸ ಅನ್ನಬಹುದಾ ಅಂತ ಕೇಳಿದ್ದೀರಿ. ಸುಮ್ನೆ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ ಸರ್.

ದಿನಕ್ಕೆ 20 ಚುಕ್ಕೆ ಗುರುತಿನ, ಅಂದರೆ ಬಾಯಿಮಾತಿನ ಉತ್ತರ ಕೇಳುವ, ಪ್ರಶ್ನೆ ಪಟ್ಟಿಗೆ ಬರುತ್ತವೆ. ಬೆಳಿಗ್ಗೆ 11ರಿಂದ 12ರ ಒಳಗೆ ಸರದಿ ಬಂದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಕೇಳಿದವರು ಅಲ್ಲೇ ಉಪಪ್ರಶ್ನೆ ಹಾಕಿ ಅವರನ್ನು ಹಿಡಿದು ನಿಲ್ಲಿಸಬಹುದು. ಚುಕ್ಕೆ ಇಲ್ಲದವು 230ರ ತನಕ ಇರುತ್ತವೆ, ಅವಕ್ಕೆ ಲಿಖಿತ ಉತ್ತರ ಮಾತ್ರ. ಎಷ್ಟೋ ಕಡೆ ಎರಡನ್ನೂ ಕೂಡಿಸಿ ಒಂದೇ ಲೆಕ್ಕ ಕೊಡುತ್ತಾರೆ.

ಸಂಸತ್ತಿನ ವೆಬ್‌ಸೈಟ್ ಸಂಸದ್ ಡಾಟ್ ಇನ್‌ನಲ್ಲಿ ನಿಮ್ಮ ಎಂಪಿ ಹೆಸರು ಹುಡುಕಿ, ಉತ್ತರಗಳನ್ನೇ ಓದಿ. ಊರಿನ ರೈಲ್ವೆ ಮೇಲ್ಸೇತುವೆ ಬಗ್ಗೆ ಕೇಳಿದ್ದಾರೆ, ಸಚಿವರು "ಪರಿಶೀಲಿಸುತ್ತೇವೆ" ಅಂದಿದ್ದಾರೆ ಅಂದುಕೊಳ್ಳಿ. ಅಂಥ ಮಾತನ್ನು ಭರವಸೆ ಅಂತ ದಾಖಲಿಸಿಕೊಳ್ಳುತ್ತಾರೆ, ಅದನ್ನು 3 ತಿಂಗಳಲ್ಲಿ ಈಡೇರಿಸಬೇಕು, ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಹಾಗಾಗಿ ಅದೇ ಮೇಲ್ಸೇತುವೆ ಬಗ್ಗೆ ಮುಂದಿನ ಅಧಿವೇಶನದಲ್ಲಿ ಮತ್ತೆ ಕೇಳಿದ್ದಾರಾ ನೋಡಿ. ನನಗೆ ಇದೇ ಮುಖ್ಯ, ಬಿಡದೆ ಕೇಳುವವರು ಕಡಿಮೆ.

ಶೂನ್ಯ ವೇಳೆಯಲ್ಲಿ (ಪ್ರಶ್ನೋತ್ತರದ ನಂತರ ತುರ್ತು ವಿಷಯ ಎತ್ತುವ ಸಮಯ), ನಿಯಮ 377ರಡಿ (ಮೊದಲೇ ಸೂಚನೆ ಕೊಟ್ಟು ವಿಷಯ ಎತ್ತುವ ನಿಯಮ) ಎತ್ತಿದ ಊರಿನ ವಿಷಯಗಳೂ ದಾಖಲಾಗಿರುತ್ತವೆ. ಮಸೂದೆಗಳ ಚರ್ಚೆಯಲ್ಲಿ ಮಾತಾಡಿದ್ದಾರಾ ಅಂತಲೂ ನೋಡಿ, ದೇಶದ ಕಾನೂನು ಆಗುವುದು ಅಲ್ಲೇ ಅಲ್ವಾ? ಕನ್ನಡದಲ್ಲೇ ಮಾತಾಡಲೂ ಅವಕಾಶ ಇದೆ, ಅನುವಾದಕರು ಇರುತ್ತಾರೆ.

ಅಂದಹಾಗೆ ಅವರು ಸಚಿವರಾಗಿದ್ದರೆ ಪ್ರಶ್ನೆ ಕೇಳುವ ಹಾಗಿಲ್ಲ, ಆಗ ಸೊನ್ನೆ ಕಂಡರೆ ಅದು ಅವರ ತಪ್ಪಲ್ಲ.